ದೊರೆ ಅಮ್ಮನ ಪಕ್ಕ ಕೂತದ್ದು

ಮಾರ್ಚ್ 4, ಸೋಮವಾರ

ಪಾರ್ಸೆಲ್ ಶೆಡ್. ಡಬ್ಬಗಳ ಸಾಲು ಮುಗಿಯುವುದೇ ಇಲ್ಲ. ನನ್ನ ಪೊಲೀಸ್ ನಾಯಿ ದೊರೆ ಒಂದರ ಮುಂದೆ ತಟ್ಟನೆ ಕೂತ. ಬಿಚ್ಚಿದರೆ ಗಾಂಜಾ. ತಕ್ಷಣ ಚೆಂಡು ಎಸೆದೆ. ಅವನ ಸಂಬಳ ಅಷ್ಟೇ — ಸರಿಯಾಗಿ ಕೂತ ಕೂಡಲೇ ಚೆಂಡು. ಒಮ್ಮೆ ತಪ್ಪಿಸಿದರೂ ನಾಯಿ ತನ್ನ ಮೂಗನ್ನೇ ನಂಬುವುದಿಲ್ಲ.

ಕ್ಯಾಂಟೀನಿನಲ್ಲಿ ಬರೀ ಅದೇ ಮಾತು. ಗಾಂಜಾ ಕೊಳ್ಳುವುದು, ಸೇದುವುದು ತಪ್ಪಲ್ಲ ಅನ್ನುವ ಮಸೂದೆ. ಗುರುವಾರ ಮತ. ಪಾಸಾದರೆ ಇವನಂಥ ನಾಯಿಗಳೆಲ್ಲ ಮನೆಗೆ. ಗಾಂಜಾಗೆ ಕೂತೆನೋ, ಬೇರೆ ಡ್ರಗ್ಸಿಗೆ ಕೂತೆನೋ ಅಂತ ನಾಯಿ ಹೇಳುತ್ತದೆಯೇ? ಕಲಿತದ್ದನ್ನು ಮರೆಸಲೂ ಆಗದು.

"ನಿನ್ನ ದೊರೆಗೆ ಪೆನ್ಷನ್ ಮಾಡ್ಸೋಣ ಬಿಡು," ಅಂತ ಇನ್‌ಸ್ಪೆಕ್ಟರ್ ನಕ್ಕರು. ಮೈ ಉರಿಯಿತು. ನಶೆಯಲ್ಲಿ ಬಸ್‌ಸ್ಟಾಪಿಗೆ ಲಾರಿ ನುಗ್ಗಿಸಿದವನನ್ನು ಕಣ್ಣಾರೆ ಕಂಡವಳು ನಾನು. ಮಜಾ ಅಂತೆ, ಹಕ್ಕಂತೆ!

ಮಾರ್ಚ್ 5, ಮಂಗಳವಾರ. ಸಂಜೆ

ಕೆನೆಲ್‌ಗೆ ಕ್ರಿಮಿನಾಶಕ ಹೊಡೆಯುತ್ತಿದ್ದಾರೆ. ಕ್ವಾರ್ಟರ್ಸಿನಲ್ಲಿ ನಾಯಿ ಬಿಡುವುದಿಲ್ಲ. ದೊರೆಯನ್ನು ಅಮ್ಮನ ಮನೆಗೆ ಕರೆತಂದೆ. ಮೊದಲ ಸಲ. ಬಾಗಿಲು ತೆಗೆದ ಅಕ್ಕನ ಮುಖ ಬಿಳಿಚಿಕೊಂಡಿತು. ನಾಯಿಗೆ ಹೆದರಿದಳು ಅಂದುಕೊಂಡೆ. ದೊರೆ ನೇರ ಒಳಕೋಣೆಗೆ. ಸೊಂಟ ಮುರಿದು ಮಲಗಿರುವ ಅಮ್ಮನ ದಿಂಬಿನ ಪಕ್ಕ — ಕೂತ.

ನನ್ನ ಮುಖ ನೋಡಿದ. ಚೆಂಡು ಜೇಬಿನಲ್ಲೇ ಇತ್ತು. ಕೊಡಲಿಲ್ಲ. ಪಟ್ಟಿ ಹಿಡಿದು ಎಳೆದೆ. ಏಳಲಿಲ್ಲ ಪಾಪ. ಗದರಿದೆ.

"ನೋವಿಗಾ ಅಮ್ಮ?" ಹೌದು ಅಂದುಬಿಡಲಿ ಅಂತ ಜೀವ ಬಡಿದುಕೊಳ್ಳುತ್ತಿತ್ತು.

"ನೋವಿಗೆ ಮಾತ್ರೆ ಇದೆಯಲ್ಲೇ. ಇದು ಖುಷಿಗೆ. ಸಂಜೆ ಒಂದು ದಮ್ ಎಳೆದ್ರೆ ಈ ಸೂರು ನೋಡ್ಕೊಂಡೂ ನಗು ಬರುತ್ತೆ."

ಅಕ್ಕನಿಗೆ ಬಾಯಿಗೆ ಬಂದಂತೆ ಬೈದೆ. ಕಂಡಕಂಡವರ ಹತ್ತಿರ ತರ್ತೀಯಲ್ಲ, ಏನು ಬೆರೆಸಿರ್ತಾರೋ...

"ಅದಕ್ಕೇ ಅಂಗಡೀಲಿ ಸಿಗ್ಲಿ ಅನ್ನೋದು. ನೀನೂ ನಿನ್ನ ನಾಯೀನೂ ಇಷ್ಟು ವರ್ಷ ಹಿಡಿದ್ರಲ್ಲ, ನಿಂತಿದ್ಯಾ? ನಮ್ಮ ಬೀದಿ ಮೂಲೇಲೇ ಸಿಗುತ್ತೆ," ಅಂದಳು ಅಕ್ಕ.

ಲಾರಿಯವನ ಕಥೆ ತೆಗೆದೆ.

"ನಾನೇನು ಲಾರಿ ಓಡಿಸ್ತೀನೇನೇ?" ಅಂದಳು ಅಮ್ಮ.

ನಗು ಬಂತು. ನಕ್ಕಿದ್ದಕ್ಕೂ ಸಿಟ್ಟು ಬಂತು.

ಮಾರ್ಚ್ 7, ಗುರುವಾರ

ಮಸೂದೆ ಬಿದ್ದುಹೋಯಿತು. ಶೆಡ್ಡಿನಲ್ಲಿ ಚಪ್ಪಾಳೆ. ನಾನೂ ತಟ್ಟಿದೆ. ನಾಯಿಗಳು ಉಳಿದವು. ಅಮ್ಮ ಅಪರಾಧಿಯಾಗಿಯೇ ಉಳಿದಳು.

ಮಧ್ಯಾಹ್ನ ತಾಲೀಮು. ಗಾಂಜಾ ಇಟ್ಟ ಡಬ್ಬದ ಮುಂದೆ ದೊರೆ ನಿಂತ. ಮೂಸಿದ. ನನ್ನ ಮುಖ ನೋಡಿದ — ಕೂರಲಾ, ಬೇಡವಾ ಅಂತ. ಕೂರದೆ ಮುಂದೆ ಹೋದ.

ಮಾರ್ಚ್ 13, ಬುಧವಾರ

ದೊರೆ ಮತ್ತೆ ಫೇಲ್. ಇನ್‌ಸ್ಪೆಕ್ಟರ್ ಬಾಗಿಲು ಹಾಕಿಕೊಂಡು ಕೇಳಿದರು.

"ಎಲ್ಲಾದ್ರೂ ಕೂತಾಗ ಚೆಂಡು ತಪ್ಪಿಸಿದ್ಯಾ? ನಿಜ ಹೇಳು. ಆ ಜಾಗಕ್ಕೇ ಹೋಗಿ ಸರಿಮಾಡೋಣ."

"ಇಲ್ಲ ಸಾರ್."

"ಮತ್ತೇನಾಯ್ತು ಇವನಿಗೆ?"

"ಮೂಗು ಕೆಟ್ಟಿದೆ ಸಾರ್. ವಯಸ್ಸಾಯ್ತು."

ಎಷ್ಟು ಸಲೀಸಾಗಿ ಬಂತು ಬಾಯಿಗೆ! ದೊರೆ ಕಾಲ ಬಳಿಯೇ ಬಾಲ ಆಡಿಸುತ್ತಿದ್ದ. ಥೂ, ನನ್ನ ಜನ್ಮಕ್ಕಿಷ್ಟು.

ಮಾರ್ಚ್ 22, ಶುಕ್ರವಾರ. ಸಂಜೆ

ಕೆಲಸದಿಂದ ತೆಗೆದರು ದೊರೆಯನ್ನು. ಬೇಕಾದರೆ ಸಾಕಿಕೋ ಅಂದರು. ಅಮ್ಮನ ಮನೆಗೇ ತಂದೆ. ಅಕ್ಕ ಹಳೆ ಕಂಬಳಿ ಹಾಸಿಟ್ಟಿದ್ದಳು.

"ಬಾರೋ ದೊರೆ," ಅಂದಳು ಅಮ್ಮ. ಹೋದ. ದಿಂಬಿನ ಪಕ್ಕ ಮೂಸಿದ. ಬಹಳ ಹೊತ್ತು ಮೂಸಿದ. ಗೊತ್ತಾಗಿದೆ ಅವನಿಗೆ! ನನ್ನ ಕಡೆ ನೋಡಿದ.

"ಕೂತ್ಕೊಳೋ," ಅಂದೆ. "ನೀನು ಹೇಳಿದ್ದೇ ಸರಿ ಕಣೋ."

ಕೂರಲಿಲ್ಲ. ಹೋಗಿ ಬಾಗಿಲ ಹತ್ತಿರ ಮಲಗಿದ. ಅಮ್ಮ ದಿಂಬಿನಡಿಯಿಂದ ಪೊಟ್ಟಣ ತೆಗೆದುಕೊಟ್ಟಳು. "ಹತ್ರ ಹಿಡಿದು ನೋಡೇ."

ಯೂನಿಫಾರಂನಲ್ಲೇ ಮಂಡಿಯೂರಿದೆ. ಅವನ ಮೂಗಿನ ಮುಂದೆ ಹಿಡಿದೆ. ಬೇಡಿಕೊಂಡೆ, ಅಳುತ್ತಾ. ದೊರೆ ತಲೆ ಎತ್ತಿದ. ಪೊಟ್ಟಣ ನೋಡಲಿಲ್ಲ. ನನ್ನನ್ನೇ ನೋಡುತ್ತಾ ಮಲಗೇ ಇದ್ದ — ಕೂರಲಾ, ಬೇಡವಾ ಅಂತ.