ಮುದ್ರೆಯಿಲ್ಲದ ಒರೆ

ಡ್ರೈ ಫೋರ್ಕ್, ವಯೋಮಿಂಗ್
ಅಕ್ಟೋಬರ್ ೭, ೧೯೮೬, ಮಂಗಳವಾರ

ಆರಿನ್,

"ಪ್ರೀತಿಯ ತಮ್ಮನಿಗೆ" ಎಂದು ಬರೆದಿದ್ದ ಹಾಳೆಯನ್ನು ಹರಿದು ಹಾಕಿ ಬರೀ ಹೆಸರಿನಿಂದ ಶುರು ಮಾಡಿದ್ದೇನೆ. ಒಂದೇ ಬೀದಿಯ ಆ ತುದಿಯಲ್ಲಿ ನೀನು, ಈ ತುದಿಯಲ್ಲಿ ನಾನು. ಕಾಗದ ಬರೆಯುವಷ್ಟು ದೂರವೇನಿಲ್ಲ. ಆದರೆ ಎದುರಿಗೆ ಬಂದರೆ ನೀನು ಟೋಪಿ ತೆಗೆದು ನಗುತ್ತೀಯ, "ಅಕ್ಕ, ಕಾಫಿ ಇದೆಯೇನೇ?" ಅನ್ನುತ್ತೀಯ, ನಾನೂ ಬುದ್ಧಿಗೆಟ್ಟವಳು ಇಟ್ಟುಕೊಡುತ್ತೇನೆ. ಏಳು ವರ್ಷ ಹೀಗೇ ಆಯಿತು.

ಈ ಶನಿವಾರ ನಿನ್ನ ನಿವೃತ್ತಿಯ ಊಟ. ಮೂವತ್ತು ವರ್ಷ ಶೆರಿಫನ ಕೈಕೆಳಗೆ ಪೊಲೀಸ್ ಡೆಪ್ಯುಟಿಯಾಗಿ ದುಡಿದವನಿಗೆ ಇಲಾಖೆಯವರು ಏನು ಕೊಡುತ್ತಾರೆಂದು ನಿನಗೆ ಹೇಳಿಲ್ಲ, ನಾನು ಹೇಳಿಬಿಡುತ್ತೇನೆ. ಪಿಸ್ತೂಲಿನ ಒರೆ. ಶೆರಿಫನ ಹೆಂಡತಿ ಡೋರೀನ್ ಹೋದ ತಿಂಗಳು ನನ್ನ ಚರ್ಮದ ಅಂಗಡಿಗೆ ಬಂದಿದ್ದಳು. "ಸ್ವಂತ ಅಕ್ಕನ ಕೈಯಿಂದಲೇ ಆಗಲಿ ವರ್ನಾ, ಪಾಪ ಎಷ್ಟು ಖುಷಿಪಡ್ತಾನೋ" ಎಂದಳು. ಹಾಗೆಂದವಳು ಗೋಡೆಗೆ ನೇತುಹಾಕಿದ್ದ ನಾಯಿಯ ಪಟ್ಟಿಗಳನ್ನೂ ತೇಪೆ ಹಾಕಿದ ಲಗಾಮುಗಳನ್ನೂ ನೋಡಿ, "ಈಗಲೂ ಒರೆ ಮಾಡ್ತೀಯ ತಾನೇ?" ಎಂದು ಅನುಮಾನಪಟ್ಟಳು. ಮಾಡುತ್ತೇನೆ ಎಂದೆ. ಯಾರೂ ಕೇಳಲು ಬರುವುದಿಲ್ಲ ಎನ್ನುವುದನ್ನು ನುಂಗಿಕೊಂಡೆ.

ಯಾಕೆ ಬರುವುದಿಲ್ಲ ಎಂದು ಈ ಜಿಲ್ಲೆಯಲ್ಲಿ ಸರಿಯಾಗಿ ಬಲ್ಲವರು ಇಬ್ಬರೇ, ನೀನು ಮತ್ತು ನನ್ನ ಮಗ ಲೈಲ್. ಈ ವಸಂತದಿಂದ ಮೂರನೆಯವಳು ನಾನು.

ಲೈಲ್ ಡೆಪ್ಯುಟಿಯಾದ ವರ್ಷ ನೆನಪಿದೆಯಾ? ಮಾಮನ ಹಾಗೇ ಆಗಬೇಕು, ಮಾಮನ ಹಾಗೇ ಟೋಪಿ ಬಾಗಿಸಬೇಕು. ಇಲಾಖೆ ಕೊಟ್ಟ ಒರೆ ಬೇಡ ಎಂದ, ಅಮ್ಮ ಮಾಡಿದ್ದೇ ಬೇಕು ಎಂದ. ನಾನು ಹಿಂಗಾಲಿನ ಭಾಗದ ದಪ್ಪ ಚರ್ಮ ಆರಿಸಿ, ನೀರಲ್ಲಿ ನೆನೆಸಿ, ಅವನ ಪಿಸ್ತೂಲಿನ ಮೇಲೆಯೇ ಮೂಳೆಯ ತುಂಡಿನಿಂದ ತಿಕ್ಕಿ ತಿಕ್ಕಿ ಅದರ ಒಂದೊಂದು ಏಣೂ ಮೂಡುವ ಹಾಗೆ ಮಾಡಿದೆ. ಅದು ಒಣಗಿ ಮರದ ಹಾಗೆ ಗಟ್ಟಿಯಾಯಿತು. ಕೊನೆಗೆ ಹಿಂಭಾಗದಲ್ಲಿ ಅಪ್ಪನ ಮುದ್ರೆ ಹೊಡೆದೆ, ಸವಾರ ಕಾಲಿಡುವ ರಿಕಾಪಿನ ಚಿತ್ರ, ಅದರೊಳಗೆ ನಮ್ಮ ಮನೆತನದ ಟಿ ಅಕ್ಷರ. ಅಪ್ಪ ಸಾಯುವ ಮುಂಚೆ ಆ ಮುದ್ರೆಯನ್ನು ನಿನಗಲ್ಲ, ನನಗೆ ಕೊಟ್ಟ. ನೀನು ಆಗಲೇ ಬ್ಯಾಡ್ಜ್ ಹಾಕಿಕೊಂಡಾಗಿತ್ತು, ಬೇಜಾರಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ.

ಹೊಸ ಒರೆ ಬಿಗಿಯಾಗಿರಬೇಕು. ನಿನಗೆ ಇದನ್ನು ಹೇಳಬೇಕಾಗಿ ಬಂದದ್ದು ನನ್ನ ಕರ್ಮ. ಮೂರನೇ ದಿನಕ್ಕೇ ಲೈಲ್ ಬಂದ. "ಅಮ್ಮ, ಒಂದು ಕೈಯಲ್ಲಿ ಒರೆ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಎಳೀಬೇಕು ಕಣೇ. ಹಲ್ಲು ಕೀಳಿಸಿದ ಹಾಗಾಗುತ್ತೆ. ಎಲ್ಲರೂ ನಗ್ತಾರೆ." ನಾನು ಆಗ ಯಾರದ್ದೋ ಜೀನಿನ ಮೇಲೆ ಬಗ್ಗಿದ್ದೆ, ಜಾತ್ರೆಯ ಕುದುರೆ ಓಟಕ್ಕೆ ಅದು ಬೇಕಿತ್ತು. ತಲೆ ಎತ್ತದೆ ಹೇಳಿದೆ: "ಗುಂಡು ತೆಗೆದಿಡು. ಪಿಸ್ತೂಲಿಗೆ ಮೇಣದ ಕಾಗದ ಎರಡು ಸುತ್ತು ಸುತ್ತಿ ಒಳಗೆ ನೂಕು. ಬೆಳಗಿನ ತನಕ ಬಿಡು. ಆಮೇಲೆ ಖಾಲಿ ಪಿಸ್ತೂಲು ನೂರು ಸಲ ಎಳಿ, ಹಾಕು. ಹದಿನೈದು ದಿನದಲ್ಲಿ ತಾನಾಗೇ ಹದಕ್ಕೆ ಬರುತ್ತೆ." "ಹದಿನೈದು ದಿನಾನಾ!" ಎಂದ. "ಮತ್ತಿನ್ನೇನು, ಹೊಸ ಬೂಟು ಹಾಕ್ಕೊಂಡ ದಿನಾನೇ ಕುಣೀತಾರೇನೋ?" ಎಂದು ಹೀಯಾಳಿಸಿ ಕಳಿಸಿದೆ.

ಆ ಶನಿವಾರವೇ ಅವನಿಗೆ ಗುರಿ ಪರೀಕ್ಷೆಯಿತ್ತು. ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅರ್ಧ ಗಂಟೆ ಕೆಲಸ ಬಿಟ್ಟು, ಅವನ ಪಕ್ಕ ಕೂತು, ಆ ಮೇಣದ ಕಾಗದವನ್ನು ನಾನೇ ಸುತ್ತಿಕೊಟ್ಟಿದ್ದರೆ ಅವನು ನಿನ್ನ ಮನೆ ಬಾಗಿಲಿಗೆ ಬರುತ್ತಿರಲಿಲ್ಲ. ಇಷ್ಟು ನನ್ನ ಪಾಲಿನದು. ಇದನ್ನು ನಾನು ಯಾರ ತಲೆಗೂ ಕಟ್ಟುವುದಿಲ್ಲ.

ಉಳಿದದ್ದು ನಿನ್ನದು. ನೀನು ಜೀನು ಮಾಡುವವನ ಮಗ. ಚಿಕ್ಕಂದಿನಿಂದ ಅಪ್ಪ ಜೀನಿಗೆ ದನದ ಗೊರಸಿನ ಎಣ್ಣೆ ಕುಡಿಸುವುದನ್ನು ನೋಡಿದವನು. ಚರ್ಮ ಮೆತ್ತಗಾಗಬೇಕಾದರೆ ಎಣ್ಣೆ, ಅಷ್ಟೇ ನಿನ್ನ ವಿದ್ಯೆ. ಲೈಲ್ ತಂದ ಆ ಒರೆಯನ್ನು ನೀನು ಎಣ್ಣೆಯ ಡಬ್ಬಿಯಲ್ಲಿ ಅದ್ದಿ ತೆಗೆದು ಒಲೆಯ ಪಕ್ಕ ಇಟ್ಟೆ. ಜೀನು ಮೆತ್ತಗಾದರೆ ಕೂತವನಿಗೆ ಸುಖ. ಒರೆ ಮೆತ್ತಗಾದರೆ ಪಿಸ್ತೂಲನ್ನು ಹಿಡಿದುಕೊಳ್ಳುವವರು ಯಾರು? ಬರೀ ಜೀನು ನೋಡಿ ಬೆಳೆದವನು ಮಾತ್ರ ಮಾಡುವ ತಪ್ಪು ಅದು, ಮತ್ತು ಪ್ರೀತಿಯಿಂದಲೇ ಮಾಡಿದೆ. ಅದು ನನಗೆ ಗೊತ್ತು. ಲೈಲ್ ಪರೀಕ್ಷೆ ಪಾಸಾಗಿ ಬಂದು "ಈಗ ಹೇಗೆ ಬರುತ್ತೆ ನೋಡಮ್ಮ" ಎಂದಾಗ ನಾನು ದೂರದಿಂದಲೇ ನೋಡಿ, ಹುಡುಗ ನನ್ನ ಮಾತು ಕೇಳಿ ಶ್ರಮಪಟ್ಟಿದ್ದಾನೆಂದು ಬೀಗಿದೆ.

ಎರಡು ತಿಂಗಳಿಗೆ, ಬೇಲಿಯ ವಿಷಯಕ್ಕೆ ಕಿತ್ತಾಡುತ್ತಿದ್ದ ಅಣ್ಣತಮ್ಮಂದಿರ ನಡುವೆ ಹೋಗಿ ನಿಂತ. ಕುಡಿದಿದ್ದ ಕಿರಿಯವನು ಇವನ ಸೊಂಟಕ್ಕೆ ಕೈ ಹಾಕಿದ. ಪಿಸ್ತೂಲು ಬೆಣ್ಣೆಯೊಳಗಿನ ಕೂದಲಿನಂತೆ ಹೊರಗೆ ಬಂತು. ನನ್ನ ಮಗನ ಗುಂಡೇ ನನ್ನ ಮಗನ ಸೊಂಟದ ಮೂಳೆ ಪುಡಿ ಮಾಡಿತು. ಇಪ್ಪತ್ತಾರಕ್ಕೇ ಕೋಲು ಹಿಡಿದ. ಈಗ ದನದ ಮೇವಿನ ಅಂಗಡಿಯಲ್ಲಿ ಕೂತು ಚೀಟಿ ಬರೆಯುತ್ತಾನೆ.

ಗುಂಡು ಹಾರಿಸಿದ ಆ ಕಿರಿಯವನ ವಿಚಾರಣೆಯ ದಿನ ನಾನು ಕೋರ್ಟಿನ ಎರಡನೇ ಸಾಲಿನಲ್ಲಿದ್ದೆ. ಸರ್ಕಾರಿ ವಕೀಲ ಒರೆಯನ್ನು ಎರಡು ಬೆರಳಲ್ಲಿ ಎತ್ತಿ, ಇದು ತಯಾರಾದ ಮೇಲೆ ಯಾರಾದರೂ ಇದಕ್ಕೆ ಏನಾದರೂ ಮಾಡಿದ್ದರೇ ಎಂದು ಕೇಳಿದ. ಸಾಕ್ಷಿಕಟ್ಟೆಯಲ್ಲಿದ್ದ ನೀನು ನನ್ನ ಕಡೆ ನೋಡಲಿಲ್ಲ. "ಇಲ್ಲ ಸರ್, ನನಗೆ ಗೊತ್ತಿರೋ ಹಾಗೆ ಇಲ್ಲ" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. "ಹೊಲಿಗೆ ಎಲ್ಲಾ ಚೆನ್ನಾಗೇ ಇದೆ ಸರ್. ಆದ್ರೆ ಅಕ್ಕ ಮೊದಲಿಂದಲೂ ಸ್ವಲ್ಪ ಸಡಿಲ ಮಾಡ್ತಾಳೆ" ಎಂದೆ. ಮಧ್ಯಾಹ್ನ ಎದುರಿನ ಹೋಟೆಲಿನಲ್ಲಿ ನನಗೆ ಸೇಬಿನ ಪೈ ತರಿಸಿ, "ತಿನ್ನೇ ಅಕ್ಕ, ಬೆಳಗಿಂದ ಏನೂ ತಿಂದಿಲ್ಲ ನೀನು" ಎಂದೆ. ನನ್ನ ತಮ್ಮ ಎಷ್ಟು ಒಳ್ಳೆಯವನು, ಸತ್ಯ ಹೇಳಬೇಕಾಗಿ ಬಂದು ಎಷ್ಟು ಸಂಕಟಪಡುತ್ತಿದ್ದಾನೆ ಎಂದುಕೊಂಡು ತಿಂದೆ.

ಏಳು ವರ್ಷ ನಾನು ಆ ಮಾತನ್ನು ನಂಬಿದೆ ಆರಿನ್. ನನ್ನ ಕೈಯ ಬಿಗಿ ಹೋಯಿತು, ಕಣ್ಣು ಹೋಯಿತು, ಮಗನನ್ನು ನಾನೇ ಕುಂಟನನ್ನಾಗಿ ಮಾಡಿದೆ ಎಂದುಕೊಂಡೆ. ಅಪ್ಪನ ಮುದ್ರೆಯನ್ನು ಬಟ್ಟೆಯಲ್ಲಿ ಸುತ್ತಿ ಮೇಜಿನ ಕೆಳಗಿನ ಖಾನೆಗೆ ಹಾಕಿದೆ. ನಾಯಿಪಟ್ಟಿಗೆ ಮುದ್ರೆ ಯಾಕೆ?

ಆ ಕಿರಿಯವನ ಮೇಲ್ಮನವಿಗಳೆಲ್ಲ ಮುಗಿದು, ಈ ಏಪ್ರಿಲ್‌ನಲ್ಲಿ ಕೋರ್ಟಿನವರು ಒರೆಯನ್ನು ಕಾಗದದ ಚೀಲದಲ್ಲಿ ಹಾಕಿ ವಾಪಸ್ ಕೊಟ್ಟರು. ಕೈಗೆತ್ತಿಕೊಂಡ ಕೂಡಲೇ ತೂಕ ಹೆಚ್ಚೆನಿಸಿತು. ಒತ್ತಿದರೆ ನಾಯಿಯ ಕಿವಿಯ ಹಾಗೆ ಮಡಚಿಕೊಂಡಿತು. ಒಳಗೆ ಬೆರಳು ಹಾಕಿ ಮೂಸಿದೆ. ಅಪ್ಪನ ಅಂಗಡಿಯ ವಾಸನೆ, ಗೊರಸಿನ ಎಣ್ಣೆ. ನಾನು ಒರೆಗೆ ಎಣ್ಣೆ ಮುಟ್ಟಿಸುವವಳಲ್ಲ. ಊರಿನಲ್ಲಿ ಆ ಎಣ್ಣೆಯ ಡಬ್ಬಿ ಇರುವ ಇನ್ನೊಂದು ಮನೆ ನಿನ್ನದು.

ಲೈಲ್‌ನನ್ನು ಕೇಳಿದೆ. ಕೋಲಿನ ತುದಿಯಿಂದ ನೆಲ ಕೆರೆದ. "ಮಾಮ ಬೇಕೂಂತ ಮಾಡಿದ್ದಲ್ಲಮ್ಮ" ಎಂದ. "ಬೇಕೂಂತ ಮಾಡಿದ ಅಂತ ನಾನೆಲ್ಲಂದೆ? ಹೇಳಲಿಲ್ಲ ಯಾಕೆ?" "ಹೇಳಿದ್ರೆ ಅವನ ಕೆಲಸ ಹೋಗ್ತಿತ್ತು." "ನನ್ನ ಹೆಸರು ಹೋಯ್ತಲ್ಲೋ!" ಅದಕ್ಕೆ ಅವನು ಹೇಳಿದ ಮಾತು ಕೇಳು: "ನಿಂದು ಬರೀ ಹೆಸರು ತಾನೇ ಅಮ್ಮ."

ಹೆತ್ತ ಮಗನ ಬಾಯಲ್ಲಿ ಆ ಮಾತು ಬರುವ ಹಾಗೆ ಮಾಡಿದವನು ನೀನು. ಎಣ್ಣೆ ಹಚ್ಚಿದ್ದನ್ನು ಆ ದಿನವೇ ಕ್ಷಮಿಸುತ್ತಿದ್ದೆ. ನನ್ನನ್ನು ಮಾರಿಕೊಂಡು ಎದುರಿಗೆ ಕೂತು ಪೈ ತಿನ್ನಿಸಿದ್ದನ್ನು ಕ್ಷಮಿಸಲಾರೆ.

ನಿನ್ನ ಒರೆ ಮುಗಿದಿದೆ. ನನ್ನ ಕೈಯಲ್ಲಿ ಇಷ್ಟು ಒಳ್ಳೆಯದು ಇನ್ನೊಂದು ಆಗಿಲ್ಲ, ಹೊಗಳಿಕೊಳ್ಳುತ್ತಿದ್ದೇನೆ ಅಂದರೂ ಅನ್ನು. ಪಿಸ್ತೂಲು ಹಾಕಿ ತಲೆಕೆಳಗು ಮಾಡಿ ಜಾಡಿಸಿದರೂ ಕದಲುವುದಿಲ್ಲ. ಸಡಿಲವಾಗುವ ತನಕ ಒದ್ದಾಡಬೇಕು, ನಿನಗೀಗ ಬೇಕಾದಷ್ಟು ಪುರುಸೊತ್ತಿದೆ. ಮೇಣದ ಕಾಗದವನ್ನು ಡಬ್ಬಿಯಲ್ಲೇ ಇಟ್ಟಿದ್ದೇನೆ.

ಹಿಂಭಾಗ ತಿರುಗಿಸಿ ನೋಡು. ಮುದ್ರೆಯಿಲ್ಲ. ಅದಕ್ಕೆ ಬಿಡಬೇಕಾದ ಜಾಗ ಬಿಟ್ಟಿದ್ದೇನೆ. ಶನಿವಾರ ಊಟವಾದ ಮೇಲೆ ನಿನಗೆ ಮೈಕು ಕೊಡುತ್ತಾರೆ. ಶೆರಿಫ್ ಇರುತ್ತಾನೆ, ಡೋರೀನ್ ಇರುತ್ತಾಳೆ, ಅರ್ಧ ಜಿಲ್ಲೆ ಇರುತ್ತದೆ. ನಿನ್ನ ಕೆಲಸವಂತೂ ಮುಗಿಯಿತು, ಇನ್ನು ಹೋಗುವುದಕ್ಕೇನೂ ಇಲ್ಲ. ಆವತ್ತು ಎಣ್ಣೆ ಹಾಕಿದವನು ನಾನು ಎಂದು ಒಂದು ವಾಕ್ಯ ಹೇಳು. ಹೇಳಿದರೆ ಅಲ್ಲಿಯೇ, ಆ ಊಟದ ಮೇಜಿನ ಮೇಲೆಯೇ ಆ ಜಾಗಕ್ಕೆ ಒಂದು ಹನಿ ನೀರು ಒತ್ತಿ ಅಪ್ಪನ ಮುದ್ರೆ ಹೊಡೆದುಕೊಡುತ್ತೇನೆ. ಮುದ್ರೆಯನ್ನೂ ಸುತ್ತಿಗೆಯನ್ನೂ ಕೈಚೀಲದಲ್ಲಿ ತರುತ್ತೇನೆ.

ಹೇಳದಿದ್ದರೆ ಹಾಗೇ ಕಟ್ಟಿಕೊಂಡು ತಿರುಗು. ನೋಡಿದವರೆಲ್ಲ ಮುದ್ರೆ ಕಾಣದೆ "ಎಷ್ಟು ಬಿಗಿಯಾಗಿದೆ, ಯಾರು ಮಾಡಿದ್ದು?" ಎಂದು ಕೇಳುತ್ತಾರೆ. ಪ್ರತಿ ಸಲವೂ ನನ್ನ ಹೆಸರನ್ನು ನೀನೇ ಬಾಯಿಬಿಟ್ಟು ಹೇಳಬೇಕಾಗುತ್ತದೆ.

ದೇವರು ನಿನಗೆ ದೀರ್ಘ ಆಯುಸ್ಸು ಕೊಡಲಿ, ಶನಿವಾರದ ಮಟ್ಟಿಗೆ ನಾಲಿಗೆಯನ್ನೂ ಕೊಡಲಿ.

ಸಡಿಲ ಮಾಡಲು ಬಾರದ ನಿನ್ನ ಅಕ್ಕ,
ವರ್ನಾ