ಯಾರ ಅಕ್ಕ?

ಮಂಗಳವಾರ, ಮಾರ್ಚ್ ೧೮. ರಾತ್ರಿ ಹತ್ತೂವರೆ.

ಮೈ ಇನ್ನೂ ಉರಿಯುತ್ತಿದೆ. ಊಟವೂ ಸೇರಲಿಲ್ಲ.

ಯಾವ ದೇಶದಲ್ಲಿ ಈಗ ಗಂಟೆ ಎಷ್ಟು ಎಂದು ತೋರಿಸುವ ಆ ಪುಟ್ಟ ಕಂಪ್ಯೂಟರ್ ಟೂಲನ್ನು ಎರಡು ಭಾನುವಾರ ಕೂತು ಬರೆದದ್ದು ನಾನು. ಅದೂ ಆಫೀಸಿಗಲ್ಲ, ಅಕ್ಕನಿಗಾಗಿ. ದೂರದೇಶದ ಆಸ್ಪತ್ರೆಯಲ್ಲಿ ಅವಳಿಗೆ ವರ್ಷವಿಡೀ ರಾತ್ರಿ ಪಾಳಿ. ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡಿ ಅದೆಷ್ಟು ಸಲ ಅವಳ ನಿದ್ದೆ ಕೆಡಿಸಿದ್ದೇನೋ. ಮ್ಯಾನೇಜರ್ ಹೋದ ವಾರ "ನಂಗೂ ಒಂದು ಕಾಪಿ ಕೊಡಿ" ಎಂದ. ಕೊಟ್ಟೆ. ಅಕ್ಕನ ಕಥೆಯನ್ನೂ ಹೇಳಿದೆ, ಬಾಯಿ ಸುಮ್ಮನಿರಬೇಕಲ್ಲ!

ಇವತ್ತು ಸಂಜೆ ಮೀಟಿಂಗಿನಲ್ಲಿ ಮಹಾಶಯ ಅದನ್ನು ದೊಡ್ಡ ಪರದೆಯ ಮೇಲೆ ತೆರೆದು, "ಬಿಡುವಿದ್ದಾಗ ನಾನೇ ಮಾಡ್ದೆ" ಎಂದ. ಮರುಕ್ಷಣವೇ ಕೆಳಗೆ, ನಾನು ನನಗೇ ಬರೆದಿಟ್ಟುಕೊಂಡಿದ್ದ ಎಚ್ಚರಿಕೆ ಕೆಂಪಕ್ಷರದಲ್ಲಿ ಮೂಡಿತು: ಅಕ್ಕ ಮಲಗಿದ್ದಾಳೆ, ಈಗ ಫೋನ್ ಮಾಡಬೇಡ.

ಸಿಕ್ಕಿಬಿದ್ದ ಎಂದುಕೊಂಡೆ. ಕಂಪನಿಯ ನಿರ್ದೇಶಕಿ ಕೇಳಿಯೂ ಕೇಳಿದರು, "ಯಾರ ಅಕ್ಕ?"

"ನಮ್ಮಕ್ಕ ಮೇಡಂ. ನೈಟ್ ಡ್ಯೂಟಿ, ಪಾಪ," ಎಂದ. ಕಣ್ಣೂ ಮಿಟುಕಿಸಲಿಲ್ಲ.

ಒಬ್ಬನೇ ಮಗ ಅವನು! ಒಡಹುಟ್ಟಿದವರಿಲ್ಲ ಎಂದು ಅವನೇ ಎಷ್ಟು ಸಲ ಹೇಳಿಕೊಂಡಿಲ್ಲ?

"ಅಕ್ಕನ ಮೇಲೆ ಎಷ್ಟು ಕಾಳಜಿ ನೋಡಿ!" ಎಂದರು ನಿರ್ದೇಶಕಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಈ ಹಾಳು ಕೈಗಳೂ ತಟ್ಟಿದವು.

ಟೂಲ್ ಹೋದರೆ ಹೋಗಲಿ, ಇನ್ನೊಂದು ಬರೆದೇನು. ನನ್ನ ಅಕ್ಕನನ್ನಾದರೂ ಬಿಡಬಾರದೇ? ಅವಳ ಬಾಯಿಂದ ಅವನಿಗೆ ನಾಲ್ಕು ಬೈಗುಳ ಕೇಳದೆ ನನಗೆ ನಿದ್ದೆ ಬಾರದು. ಫೋನ್ ಕೈಗೆತ್ತಿಕೊಂಡೆ. ಎದುರಿನ ಕಂಪ್ಯೂಟರಿನಲ್ಲಿ ಅದೇ ಕೆಂಪಕ್ಷರ. ಅವಳು ಏಳಲು ಇನ್ನೂ ಒಂದೂವರೆ ಗಂಟೆ.

ಫೋನ್ ಕೆಳಗಿಟ್ಟೆ.