ಜಾಸ್ತಿ ಪಟ್ಟಿ

ಡೊಂಬಿವಲಿ ಪೂರ್ವ
೭ ಆಗಸ್ಟ್ ೨೦೧೧, ಭಾನುವಾರ

ಪ್ರೀತಿಯ ಮಗ ದೇವದಾಸನಿಗೆ,

ಅಪ್ಪನ ಆಶೀರ್ವಾದ. ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ಕ್ಷೇಮ. ನಿನ್ನ ಆರೋಗ್ಯ ಹೇಗಿದೆ? ಇಡೀ ದಿನ ಹೋಟೆಲಿನ ಕೌಂಟರಿನಲ್ಲಿ ನಿಂತು ಕಾಲು ಬಾತುಕೊಳ್ಳುತ್ತದೆ ಎಂದು ನೀನು ನಿನ್ನ ಅಮ್ಮನಿಗೆ ಹೇಳಿದ್ದು ನನಗೂ ಕೇಳಿಸಿದೆ. ನೀನು ಭಾನುವಾರ ಫೋನು ಮಾಡಿದಾಗಲೆಲ್ಲ ನಾನು ಗ್ಯಾಲರಿಯಲ್ಲಿ ಏನೋ ಮಹಾ ಕೆಲಸವಿದ್ದವನ ಹಾಗೆ ಕೂತಿರುತ್ತೇನೆ, ಕಿವಿ ಮಾತ್ರ ಒಳಗೇ ಇರುತ್ತದೆ. ಮಲಗುವಾಗ ಕಾಲ ಕೆಳಗೆ ಎರಡು ದಿಂಬು ಇಟ್ಟುಕೋ. ಅಂಕಲೇಶ್ವರದಲ್ಲಿ ಮಳೆ ಹೇಗಿದೆಯೋ ತಿಳಿಯದು. ಇಲ್ಲಿ ಮಳೆ ಬಂದರೆ ಮಾನ್ಪಾಡಾ ರಸ್ತೆಯ ಅವಸ್ಥೆ ನಿನಗೆ ಗೊತ್ತೇ ಇದೆ. ನಿನ್ನ ಅಮ್ಮ ತರಕಾರಿ ತರಲು ಹೋದರೆ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬರುತ್ತಾಳೆ, ಬೈಗುಳ ನನಗೆ. ಆ ರಸ್ತೆಯನ್ನು ನಾನೇ ಹಾಕಿಸಿದೆ ಎಂದು ತಿಳಿದಿದ್ದಾಳೆ.

ನೀನು ಈ ಮನೆಯ ಹೊಸಿಲು ದಾಟಿ ಹೋಗಿ ಏಳು ವರ್ಷವಾಗುತ್ತ ಬಂತು. ಈ ಏಳು ವರ್ಷದಲ್ಲಿ ನೀನು ಒಂದು ಉಳಿಯನ್ನೂ ಕೈಯಲ್ಲಿ ಹಿಡಿದಿಲ್ಲವಂತೆ. ಹೋಟೆಲಿನ ಮೇಜಿನ ಕಾಲು ಅಲ್ಲಾಡಿದರೂ ಹೊರಗಿನವರನ್ನು ಕರೆಸುತ್ತೀಯಂತೆ. ಇದನ್ನು ನಿನ್ನ ತಂಗಿ ನಳಿನಾಕ್ಷಿ ಹೇಳಿದಳು. ಅವಳು ಸುಮ್ಮನೆ ಹೇಳಿದ್ದು, ನನಗೆ ಎರಡು ದಿನ ಊಟ ಸೇರಲಿಲ್ಲ.

ಅದೇ ನಳಿನಾಕ್ಷಿ ಹೋದ ತಿಂಗಳು ಕೋಪರಿಯಿಂದ ಬಂದು, ಹಟ ಹಿಡಿದು, ನನ್ನನ್ನು ಠಾಣೆಗೆ ಕರೆದುಕೊಂಡು ಹೋಗಿ ಎರಡು ಕಣ್ಣಿನ ಪೊರೆಯನ್ನೂ ತೆಗೆಸಿದಳು. ಅಮ್ಮ ನಿನಗೆ ಹೇಳಿರಬಹುದು. ಪಟ್ಟಿ ಬಿಚ್ಚಿದ ದಿನ ಮೊದಲು ನೋಡಿದ್ದು ಅವಳನ್ನೇ. ಅವಳ ತಲೆ ಇಷ್ಟು ನೆರೆತದ್ದು ನನಗೆ ಗೊತ್ತೇ ಇರಲಿಲ್ಲ. ಬಾಯಿ ಸುಮ್ಮನಿರದೆ ಹಾಗೆಂದುಬಿಟ್ಟೆ. ಆ ಸಂಜೆ ಚಾಕ್ಕೆ ಸಕ್ಕರೆ ಬೀಳಲಿಲ್ಲ.

ಎರಡನೆಯದಾಗಿ ನೋಡಿದ್ದು ನಮ್ಮ ಹತ್ಯಾರುಗಳನ್ನು. ದಿನಾ ಮುಟ್ಟುತ್ತಿದ್ದೆ, ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದೆ, ಎಲ್ಲ ಫಳಫಳ ಹೊಳೆಯುತ್ತಿವೆ ಎಂದು ನಂಬಿಕೊಂಡಿದ್ದೆ. ನೋಡಿದರೆ ಬಾಚಿಯ ಕುತ್ತಿಗೆಯ ಸುತ್ತ ತುಕ್ಕು, ಗರಗಸದ ಹಲ್ಲುಗಳ ಸಂದಿನಲ್ಲಿ ತುಕ್ಕು. ಬೆರಳಿಗೆ ಸಿಕ್ಕಿದಷ್ಟನ್ನು ಮಾತ್ರ ಒರೆಸುತ್ತ ಬಂದಿದ್ದೆ. ಬಹಳ ನಾಚಿಕೆಯಾಯಿತು. ನಿನ್ನ ಅಜ್ಜ ಮಲ್ಪೆಯ ಕಡಲ ಕರೆಯಲ್ಲಿ ದೋಣಿ ಕಟ್ಟಿದವರು. ಆ ಉಪ್ಪುಗಾಳಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿಯೂ ಇದೇ ಬಾಚಿಗೆ ಒಂದು ಚುಕ್ಕೆ ತುಕ್ಕು ಹಿಡಿಯಲು ಬಿಟ್ಟಿರಲಿಲ್ಲ. ನಾನು ಮುಂಬಯಿ ಬಸ್ಸು ಹತ್ತುವಾಗ ಹಳೆಯ ಸೀರೆಯಲ್ಲಿ ಸುತ್ತಿ ನನ್ನ ಮಡಿಲಿಗೆ ಇಟ್ಟು, ‘ಇದನ್ನು ಮೇಲೆ ಲಗೇಜಿಗೆ ಹಾಕಬೇಡ’ ಎಂದಿದ್ದರು. ನಾನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.

ಈಗ ಹದಿನೈದು ದಿನದಿಂದ ಒಂದೊಂದನ್ನೇ ಸೀಮೆಎಣ್ಣೆಯಲ್ಲಿ ನೆನೆಸಿ, ತಿಕ್ಕಿ, ತೆಂಗಿನೆಣ್ಣೆ ಹಚ್ಚಿ ಸಾಲಾಗಿ ಇಡುತ್ತಿದ್ದೇನೆ. ಹೊಸ ಕಣ್ಣಲ್ಲವೇ, ಎಷ್ಟು ನೋಡಿದರೂ ಸಾಲದು. ಅಜ್ಜನ ಆ ಅಗಲದ ಉಳಿ ನೆನಪಿದೆಯಾ? ಅವರ ಕೈಗೆ ಬಂದಾಗ ಅದರ ಅಲಗು ಒಂದು ಗೇಣು ಇತ್ತಂತೆ, ಈಗ ನಾಲ್ಕು ಬೆರಳಿನಷ್ಟಿದೆ. ಮಿಕ್ಕದ್ದನ್ನು ನಾವು ಮೂವರೂ ಸೇರಿ ಸಾಣೆಕಲ್ಲಿಗೆ ತಿನ್ನಿಸಿದ್ದೇವೆ. ಆದರೂ ಮೊನ್ನೆ ಸಾಗುವಾನಿಯ ತುಂಡಿನ ಮೇಲೆ ಇಟ್ಟು ಸ್ವಲ್ಪ ಒತ್ತಿದೆ, ಸಿಪ್ಪೆ ಸುರುಳಿ ಸುತ್ತಿಕೊಂಡು ಎದ್ದು ಬಂತು. ಈಗ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಿಡಿಯ ಉಳಿಗಳು ಬರುತ್ತವೆ, ಒಂದು ಗಂಟು ಅಡ್ಡ ಸಿಕ್ಕಿದರೆ ಬಾಯಿ ಮಡಚಿಕೊಂಡು ಕೂರುತ್ತವೆ. ಬೇಕಾದರೆ ಇದಕ್ಕೆ ನೀನು ನಗು, ಆದರೆ ಹಳೆಯ ಉಕ್ಕಿಗೆ ಒಂದು ಮರ್ಯಾದೆ ಉಂಟು.

ಮರ ಹೆರೆಯುವ ರಂಧಾದ ಹಿಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎಡಮಗ್ಗುಲಲ್ಲಿ ಒಂದು ಗುಳಿ, ಅಜ್ಜನ ಹೆಬ್ಬೆರಳೂ ನನ್ನ ಹೆಬ್ಬೆರಳೂ ಒತ್ತಿ ಒತ್ತಿ ಸವೆಸಿದ್ದು. ಬಲಮಗ್ಗುಲಲ್ಲಿ ಇನ್ನೊಂದು, ಅಷ್ಟು ಆಳವಿಲ್ಲದ್ದು. ನಮ್ಮ ಮನೆತನದಲ್ಲಿ ಎಡಚ ನೀನೊಬ್ಬನೇ. ಎಷ್ಟು ವರ್ಷ ಉಜ್ಜಿದ್ದಿ ಆ ರಂಧಾವನ್ನು, ಮರದಲ್ಲಿ ನಿನ್ನ ಬೆರಳಿನ ಜಾಗ ಉಳಿಯುವಷ್ಟು. ಅದರ ಮೇಲೆ ನನ್ನ ಹೆಬ್ಬೆರಳು ಇಟ್ಟು ಸ್ವಲ್ಪ ಹೊತ್ತು ಕೂತೆ. ನಿನ್ನ ನೆನಪು ತಡೆಯಲಾಗಲಿಲ್ಲ ಮಗಾ, ಅತ್ತುಬಿಟ್ಟೆ. ಕಣ್ಣಿಗೆ ನೀರು ತಾಗಿಸಬಾರದು ಎಂದು ಡಾಕ್ಟರು ಹೇಳಿದ್ದನ್ನು ನಿನ್ನ ಅಮ್ಮ ಮೂರು ಸಲ ನೆನಪಿಸಿದಳು.

ಹತ್ಯಾರುಗಳೆಲ್ಲ ಈಗ ಎಲ್ಲಿ ಇರುತ್ತವೆ ಎಂದು ಅವಳು ನಿನಗೆ ಹೇಳಿರಲಿಕ್ಕಿಲ್ಲ. ಗ್ಯಾಲರಿಯಲ್ಲಿ, ನೀನು ಮಾಡಿದ ದೇವರ ಮಂಟಪದ ಒಳಗೆ. ದೇವರು ಇರಬೇಕಾದಲ್ಲಿ ಸುತ್ತಿಗೆ ಇಟ್ಟಿದ್ದೀರಿ ಎಂದು ಮೊದಮೊದಲು ಅವಳು ಜಗಳ ತೆಗೆದಳು. ಆಯುಧ ಪೂಜೆಯ ದಿನ ನಾವು ಆಚಾರಿಗಳು ಕೈ ಮುಗಿಯುವುದು ಯಾವುದಕ್ಕೆ ಎಂದು ಕೇಳಿದ ಮೇಲೆ ಸುಮ್ಮನಾದಳು. ಆದರೆ ಆ ಮಂಟಪವನ್ನು ನಾನು ಸರಿಯಾಗಿ ನೋಡಿದ್ದು ಈ ತಿಂಗಳಲ್ಲೇ. ಎರಡೂ ಕಂಬಗಳಲ್ಲಿ ನೀನು ಕೆತ್ತಿದ ಮಲ್ಲಿಗೆ ಬಳ್ಳಿ, ಎಲೆಯ ನರ ಸಹ ಕಾಣುತ್ತದೆ. ಏಳು ಮಳೆಗಾಲದ ಥಂಡಿ ಕುಡಿದೂ ಒಂದು ಸಂದು ಬಿಟ್ಟುಕೊಂಡಿಲ್ಲ. ಪೋಸ್ಟ್ ಕಾರ್ಡಿನ ಮೂಲೆಯನ್ನು ಪ್ರತಿ ಸಂದಿಗೂ ತೂರಿಸಲು ನೋಡಿದೆ, ಎಲ್ಲೂ ಒಳಗೆ ಹೋಗಲಿಲ್ಲ. ಗುಣ್ಯಾ ಹಿಡಿದು ಮೂಲೆ ನೋಡಿದೆ, ನಾಲ್ಕೂ ನೇರ. ಇಂಥ ಕೆಲಸ ನನ್ನಿಂದ ಆಗುತ್ತಿರಲಿಲ್ಲ. ಮುಖಸ್ತುತಿಗೆ ಹೇಳುತ್ತಿಲ್ಲ, ನಿನ್ನ ಅಪ್ಪನಿಗೆ ಅದು ಬಾರದು ಎಂದು ನಿನಗೇ ಗೊತ್ತು.

ಇನ್ನು ಆ ದಿನದ ವಿಷಯ. ನೀನೂ ಮರೆತಿಲ್ಲ, ನಾನೂ ಮರೆತಿಲ್ಲ. ಆದರೂ ನನ್ನ ಕಡೆಯಿಂದ ಒಮ್ಮೆ ಹೇಳುತ್ತೇನೆ, ಪೂರ್ತಿ ಓದು.

ಎರಡು ಸಾವಿರದ ನಾಲ್ಕರ ನವರಾತ್ರಿಯ ಮೊದಲ ಬೆಳಿಗ್ಗೆ. ಭಜನಾ ಮಂಡಳಿಯ ಹಾಲಿನಲ್ಲಿ ಊರವರೆಲ್ಲ ಸೇರಿದ್ದರು. ನಾಲ್ಕು ಜನ ಮಂಟಪ ಎತ್ತಿ ಗೋಡೆಯ ಅಮೃತಶಿಲೆಯ ಗೂಡಿಗೆ ಸೇರಿಸಲು ಹೋದರು, ಅದು ಒಳಗೆ ಹೋಗಲಿಲ್ಲ. ಇತ್ತ ಓರೆ ಮಾಡಿದರು, ಅತ್ತ ಓರೆ ಮಾಡಿದರು. ಹೆರೆದು ಸೇರಿಸೋಣವೆಂದರೆ ಅಂಚಿಗೇ ಬಳ್ಳಿಯ ಕೆತ್ತನೆ. ಕೊನೆಗೆ ಸೆಕ್ರೆಟರಿ ಕಿಟ್ಟಣ್ಣ ಟೇಪು ಹಿಡಿದು ಅಗಲ ಕೂಗಿದರು. ನಾಲ್ಕಡಿ ಇರಬೇಕಾದ ಮಂಟಪ ನಾಲ್ಕಡಿ ನಾಲ್ಕು ಸೂತು ಇತ್ತು. ಒಂದು ಸೂತು ಎಂದರೆ ಅಂಗುಲದ ಎಂಟನೇ ಒಂದು ಪಾಲು, ನಾಲ್ಕು ಸೂತು ಎಂದರೆ ಅರ್ಧ ಅಂಗುಲ. ಅಷ್ಟೂ ಜನರ ಎದುರು ನಾನು, ‘ಇವನಿಗೆ ಅಳತೆ ಬರುವುದಿಲ್ಲ, ಆಚಾರಿ ಮನೆಯಲ್ಲಿ ಹುಟ್ಟಿದ್ದು ದಂಡ’ ಎಂದೆ. ನೀನು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೊರಗೆ ಹೋದೆ. ವಾರದೊಳಗೆ ಅಂಕಲೇಶ್ವರದ ರೈಲು ಹತ್ತಿದೆ.

ಕಿಟ್ಟಣ್ಣ ಎತ್ತರದ ಅಳತೆಯನ್ನೂ ಕೂಗಿದರು, ಆಗ ನೀನು ಹೊರಟು ಹೋಗಿದ್ದೆ. ಆರಡಿ ಆರು ಸೂತು. ಅದು ಕಿವಿಗೆ ಬಿದ್ದ ಕ್ಷಣ ನನಗೆ ಗೊತ್ತಾಯಿತು. ಕೈ ತಪ್ಪಿದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಆಗುತ್ತದೆ. ಅಡಿಗೆ ಒಂದು ಸೂತಿನಂತೆ ಎಲ್ಲ ಕಡೆಯೂ ಸಮನಾಗಿ ಹೆಚ್ಚಾಗುವುದಿಲ್ಲ. ಹಾಗೆ ಹೆಚ್ಚಿಸುವುದು ಒಂದೇ ವಸ್ತು, ಅದು ನನ್ನ ಪೆಟ್ಟಿಗೆಯಲ್ಲಿತ್ತು.

ನೀನು ಮರಕ್ಕೆ ಗುರುತು ಹಾಕಲು ಕೂತ ದಿನ ನಿನ್ನ ಟೇಪಿನ ಸ್ಪ್ರಿಂಗ್ ಮುರಿದಿತ್ತು. ಗೂಡಿನ ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಂಡು ಬಂದದ್ದು ಸರಿಯಾಗಿಯೇ ಇತ್ತು. ‘ಅಪ್ಪಾ, ಒಂದು ಸ್ಕೇಲು ಕೊಡಿ’ ಎಂದೆ. ನಾನು ಪೆಟ್ಟಿಗೆಗೆ ಕೈ ಹಾಕಿ ಎರಡಡಿಯ ಉಕ್ಕಿನ ಸ್ಕೇಲು ತೆಗೆದು ನಿನ್ನ ಕೈಗಿತ್ತೆ. ಅದು ಶಹಾಡಿನ ಫೌಂಡ್ರಿಯಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಬಳಸಿದ್ದು. ಪ್ಯಾಟರ್ನ್ ಶಾಪಿನಲ್ಲಿ ನಾವು ಅದಕ್ಕೆ ಜಾಸ್ತಿ ಪಟ್ಟಿ ಎನ್ನುತ್ತಿದ್ದೆವು. ನೀನು ಬಾಗಿಲು ಕಪಾಟುಗಳ ಕೆಲಸ ಹಿಡಿದವನು, ನಿನಗೆ ಅದರ ಅಗತ್ಯವಿಲ್ಲವೆಂದು ನಾನು ಕಲಿಸಿರಲೇ ಇಲ್ಲ. ಕರಗಿದ ಕಬ್ಬಿಣ ಅಚ್ಚಿನೊಳಗೆ ಆರುತ್ತ ಕುಗ್ಗುತ್ತದೆ. ಆದ್ದರಿಂದ ಅಚ್ಚಿಗೆಂದು ನಾವು ಮಾಡುವ ಮರದ ಮಾದರಿ ಅಷ್ಟು ದೊಡ್ಡದೇ ಇರಬೇಕು. ಪ್ರತಿ ಸಲ ಕೂಡಿಸುತ್ತ ಕೂರುವುದು ಬೇಡವೆಂದು ಆ ಸ್ಕೇಲನ್ನೇ ಹಿಗ್ಗಿಸಿ ಮಾಡಿರುತ್ತಾರೆ. ಅದರಲ್ಲಿ ಒಂದು ಅಡಿ ಎಂದು ಬರೆದದ್ದು ನಿಜಕ್ಕೂ ಒಂದು ಅಡಿ ಒಂದು ಸೂತು ಇರುತ್ತದೆ. ಗುರುತಿಗೆಂದು ನಾನೇ ತುದಿಗೆ ಕೆಂಪು ಬಣ್ಣ ಬಳಿದಿದ್ದೆ. ಬಣ್ಣ ಇದ್ದೇ ಇತ್ತು, ನನ್ನ ಕಣ್ಣಿಗೆ ಕಾಣಲಿಲ್ಲ. ಆಗಲೇ ಪೊರೆ ಬರಲು ಶುರುವಾಗಿತ್ತು ದೇವೂ. ಯಾರಿಗೂ ಹೇಳಿರಲಿಲ್ಲ, ನಿನ್ನ ಅಮ್ಮನಿಗೂ. ರಿಟೈರ್ ಆಗಲು ಒಂದು ವರ್ಷ ಇತ್ತು. ಸೂತು ಕಾಣದ ಪ್ಯಾಟರ್ನ್ ಮೇಕರನ್ನು ಯಾವ ಫೌಂಡ್ರಿ ಇಟ್ಟುಕೊಳ್ಳುತ್ತದೆ? ಹಾಲಿನಲ್ಲಿ ಎದ್ದು ನಿಂತು ತಪ್ಪು ನನ್ನದು ಎಂದಿದ್ದರೆ, ಹೇಗೆ ತಪ್ಪಿತು ಎಂದು ಯಾರಾದರೂ ಕೇಳುತ್ತಿದ್ದರು.

ಅದು ಒಂದು ವರ್ಷದ ಕಾರಣ. ಮಿಕ್ಕ ಆರು ವರ್ಷಕ್ಕೆ ನನ್ನ ಬಳಿ ಕಾರಣವಿಲ್ಲ. ರಿಟೈರ್ ಆದ ದಿನ ಶಾಲು ಹೊದಿಸಿ, ‘ಆಚಾರ್ಯರ ಕಣ್ಣೇ ಒಂದು ಅಳತೆಗೋಲು’ ಎಂದು ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ಕೂತಿದ್ದೆ, ಎಷ್ಟು ವಿನಯ ಎಂದು ಜನ ತಿಳಿದರು. ಮನೆಗೆ ಬಂದು ಅವತ್ತೇ ನಿನಗೆ ಬರೆಯಬಹುದಿತ್ತು. ನಾಳೆ ಎಂದುಕೊಂಡೆ. ಮಾತನ್ನು ಮುಂದೆ ಹಾಕಿದಷ್ಟೂ ಅದು ಬಾಯಿಗೆ ದೊಡ್ಡದಾಗುತ್ತ ಹೋಯಿತು. ಇದು ಹೇಡಿತನ, ಬೇರೆ ಹೆಸರಿಲ್ಲ. ನಿನ್ನ ಕೈ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ನಾನು ಕೊಟ್ಟ ಸುಳ್ಳು ಅಳತೆಯನ್ನೂ ನೀನು ಎಳ್ಳಷ್ಟು ಹೆಚ್ಚುಕಡಿಮೆಯಿಲ್ಲದೆ ಮರಕ್ಕೆ ಇಳಿಸಿದ್ದೆ.

ಈಗ ದಿನವೂ ಹತ್ಯಾರು ಒರೆಸಿ ಇಡುವಾಗ, ಇವನ್ನು ಮುಂದೆ ಯಾರು ಮುಟ್ಟುತ್ತಾರೆ ಎಂಬ ಯೋಚನೆ ಬರುತ್ತದೆ. ನಿಜ ಹೇಳಬೇಕೆಂದರೆ ಅದಕ್ಕಿಂತ ಮೊದಲು ಬರುವುದು ನೀನು. ಗ್ಯಾಲರಿಯಲ್ಲಿ ರಂಧಾ ಎಳೆಯುವ ಸದ್ದು, ಕೆಳಗಿನ ಮನೆಯವರ ತಕರಾರು, ತಲೆಯ ತುಂಬ ಮರದ ಹುಡಿ ಮಾಡಿಕೊಂಡು ನೀನು ಊಟಕ್ಕೆ ಬಂದು ಕೂರುತ್ತಿದ್ದದ್ದು, ಅಮ್ಮ ಬಡಿಸುವ ಮೊದಲು ಟವೆಲಿನಿಂದ ಕೊಡವುತ್ತಿದ್ದದ್ದು. ಇಷ್ಟೇ ನನಗೆ ಬೇಕಾದದ್ದು. ಆದರೆ ಬಾ ಎಂದು ಕರೆಯುವ ಮುಖ ನನಗಿಲ್ಲ. ಆದ್ದರಿಂದ ಕರೆಯುವುದಿಲ್ಲ. ಈ ಕಾಗದ ಓದಿ ನಿನಗೆ ಸಿಟ್ಟು ಬಂದರೆ ಅದು ನ್ಯಾಯವೇ. ಸಿಟ್ಟಿನಲ್ಲಿಯೂ ಊಟ ಮಾತ್ರ ಬಿಡಬೇಡ.

ಅಮ್ಮ ಕೊಬ್ಬರಿ ಮಿಠಾಯಿ ಮಾಡಿ ಇಟ್ಟಿದ್ದಾಳೆ, ಆ ಕಡೆಗೆ ಹೋಗುವವರು ಸಿಕ್ಕಿದರೆ ಕಳಿಸುತ್ತಾಳಂತೆ. ನಳಿನಾಕ್ಷಿಯೂ ಮನೆಯವರೂ ಸೌಖ್ಯ. ಊರಿನ ದೈವಗಳು ನಿನ್ನನ್ನು ಕಾಯಲಿ. ನಿನ್ನ ಕಾಲಿನ ಬಾವು ಬೇಗ ಇಳಿಯಲಿ.

ಇಂತು ನಿನ್ನ ಅಪ್ಪ,
ಪುಂಡರೀಕಾಕ್ಷ ಆಚಾರ್ಯ

ವಿ.ಸೂ.: ಸೋಮವಾರ ಬೆಳಿಗ್ಗೆ, ಅವಸರದಲ್ಲಿ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಕಿಟ್ಟಣ್ಣ ಕಮಿಟಿಯವರನ್ನೂ ಒಬ್ಬ ಗಾರೆಯವನನ್ನೂ ಕರೆದುಕೊಂಡು ಬಂದರು. ಮಂಡಳಿಯ ಹಳೆಯ ಕಟ್ಟಡ ಒಡೆಯುತ್ತಾರೆ, ಟಿಳಕನಗರದಲ್ಲಿ ಹೊಸ ಹಾಲು ಆಗುತ್ತಿದೆ. ‘ಆಚಾರ್ರೇ, ಆ ಮಂಟಪ ಕೊಡಿ, ಈ ಸಲ ಗೂಡನ್ನೇ ಅದರ ಅಳತೆಗೆ ಕಟ್ಟಿಸುವ’ ಎಂದರು. ನಾನು ಅವರನ್ನು ಕೂರಿಸಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ನಿನ್ನ ಅಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಆಮೇಲೆ ಗಾರೆಯವನು ಅಗಲ ಎಷ್ಟು, ಎತ್ತರ ಎಷ್ಟು ಎಂದು ಕೇಳಿದ. ನನಗೆ ಬಾಯಿಪಾಠ ಇದೆ, ಆದರೆ ಕೊಡಲಿಲ್ಲ. ಮಾಡಿದವನೇ ಬಂದು ಅಳತೆ ಕೊಡುತ್ತಾನೆ ಎಂದುಬಿಟ್ಟೆ. ಇಪ್ಪತ್ತನೇ ತಾರೀಕಿನವರೆಗೆ ಅವರು ಗೋಡೆ ಎಬ್ಬಿಸುವುದಿಲ್ಲ.